ಡಬಲ್ಸ್ ತಿನ್ನಬೇಕಾದರೆ ಹಡಗಿನ ತಿಂಡಿ ಬಿಡಿ

ಕೆರಿಬಿಯನ್‌ನ ಟ್ರಿನಿಡಾಡ್ ದ್ವೀಪದ ಊರು ಪೋರ್ಟ್ ಆಫ್ ಸ್ಪೇನ್. ಆ ಹೆಸರು ನಮ್ಮಲ್ಲಿ ಹಳೆಯ ಕ್ರಿಕೆಟ್ ಹುಚ್ಚಿನವರಿಗೆ ಚೆನ್ನಾಗಿ ಗೊತ್ತು. 1976ರ ಏಪ್ರಿಲ್‌ನಲ್ಲಿ ಭಾರತ 403 ರನ್ನಿನ ಗುರಿ ಬೆನ್ನಟ್ಟಿ ಗೆದ್ದದ್ದು ಅಲ್ಲಿಯ ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ. ನಮ್ಮ ವಿಶ್ವನಾಥ್ 112 ಹೊಡೆದರು. ಬ್ರಿಜೇಶ್ ಪಟೇಲ್ 49 ಮಾಡಿ ಔಟಾಗದೆ ಉಳಿದರು. ಚಂದ್ರಶೇಖರ್ ಮೊದಲ ಇನಿಂಗ್ಸ್‌ನಲ್ಲೇ ಆರು ವಿಕೆಟ್ ಕಿತ್ತಿದ್ದರು. ಈ ಸ್ಕೋರು ಇವತ್ತಿಗೂ ಬಾಯಿಪಾಠ. ಆದರೆ ಆ ಊರಿನವರು ಬೆಳಿಗ್ಗೆ ಏನು ತಿಂದು ಆಟ ನೋಡಲು ಬರುತ್ತಾರೆ ಅಂತ ಕೇಳಿ ನೋಡಿ, ಉತ್ತರ ಬರುವುದಿಲ್ಲ.

ಉತ್ತರ ಸುಲಭ: ಕಡಲೆಕಾಳಿನ ಪಲ್ಯ ತುಂಬಿದ ಎರಡು ಅರಿಸಿನ ಬಣ್ಣದ ಮೆತ್ತನೆ ಪೂರಿ. ಹೆಸರು ಡಬಲ್ಸ್. ಕಷ್ಟ ಇರುವುದು ಹೊರಗಿನಿಂದ ಬಂದವರು ಅದನ್ನು ಹುಡುಕಿಕೊಳ್ಳುವುದರಲ್ಲಿ.

ಕೆರಿಬಿಯನ್ ಬಂದರುಗಳಿಗೆ ಹೋಗುವವರಲ್ಲಿ ತುಂಬಾ ಜನ ಪ್ರವಾಸಿ ಹಡಗಿನಲ್ಲಿ ಹೋಗುತ್ತಾರೆ. ಹಡಗು ಬೆಳಿಗ್ಗೆ ದಡ ಮುಟ್ಟುತ್ತದೆ, ಸಂಜೆಗೆ ಹೊರಡುತ್ತದೆ. ನಡುವೆ ಏಳೆಂಟು ಗಂಟೆ. ಇಳಿದ ತಕ್ಷಣ ಎದುರಿಗೆ ಸಿಗುವ ಅಂಗಡಿಗಳ ಲೆಕ್ಕವೇ ಬೇರೆ. ಅವರ ಗಿರಾಕಿ ಇವತ್ತು ಬಂದವನು ನಾಳೆ ಬರುವುದಿಲ್ಲ. ರುಚಿ ಕೆಟ್ಟರೂ ಕೇಳುವವರಿಲ್ಲ, ಚೆನ್ನಾಗಿದ್ದರೂ ಮತ್ತೆ ಬರುವವರಿಲ್ಲ. ಹೀಗಿರುವಾಗ ಯಾವ ದೇಶದವನು ಬಂದರೂ ಬೇಡ ಅನ್ನದಂಥ ಅಡುಗೆ ಮಾಡುವುದೇ ಅವರಿಗೆ ಲಾಭ. ಅದಕ್ಕೇ ದ್ವೀಪ ಯಾವುದಾದರೂ ಹಡಗುಕಟ್ಟೆಯ ಪಕ್ಕದ ಮೆನು ಒಂದೇ ಥರ: ಬರ್ಗರ್, ಕರಿದ ಸೀಗಡಿ, 'ಐಲ್ಯಾಂಡ್ ಸ್ಪೆಷಲ್' ಅಂತ ಒಂದು ಚಿಕನ್, ಮೇಲೊಂದು ಕಾಗದದ ಕೊಡೆ ಸಿಕ್ಕಿಸಿದ ಪಾನೀಯ. ಅವರನ್ನು ಬೈಯಬೇಕಾಗಿಲ್ಲ. ವ್ಯಾಪಾರ ಇರುವುದೇ ಹಾಗೆ.

ಊರಿನ ಜನರಿಗಾಗಿ ಅಡುಗೆ ಮಾಡುವವರ ಲೆಕ್ಕ ಇದಕ್ಕೆ ಉಲ್ಟಾ. ಅವರ ಗಿರಾಕಿ ದಿನಾ ಬರುವವನು. ಅವನು ಬರುವ ಹೊತ್ತಿಗೆ ಬಿಸಿಯಾಗಿ ಸಿಗಬೇಕು, ಅವನು ಹೋದ ಮೇಲೆ ಉಳಿಯಬಾರದು. ಆದ್ದರಿಂದ ಇಂಥ ಊಟಕ್ಕೆ ವಿಳಾಸಕ್ಕಿಂತ ವೇಳೆ ಮುಖ್ಯ. 'ಎಲ್ಲಿ ಸಿಗುತ್ತೆ' ಅಂತ ಎಲ್ಲರೂ ಕೇಳುತ್ತಾರೆ. 'ಎಷ್ಟು ಹೊತ್ತಿಗೆ ಸಿಗುತ್ತೆ' ಅಂತ ಕೇಳುವವರು ಕಡಿಮೆ.

ಆ ಊರಿನದು ಅಂದರೆ ಏನು?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಟ್ರಿನಿಡಾಡಿನಲ್ಲಿ 'ನಮ್ಮದು' ಅಂತ ಎದೆ ತಟ್ಟಿ ಹೇಳುವ ತಿನಿಸುಗಳಲ್ಲಿ ಹೆಚ್ಚಿನವುಗಳ ಮೂಲ ಹೊರಗಿನದು. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು ಉತ್ತರ ಅಮೆರಿಕದ ತಣ್ಣನೆ ಸಮುದ್ರದ್ದು. ಗುಲಾಮರಿಗೆ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸಲು ತೋಟದ ಮಾಲೀಕರು ಅದನ್ನು ತರಿಸುತ್ತಿದ್ದರು. ಈಗ ಅದೇ ಮೀನಿಗೆ ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ ಬೆರೆಸಿದ 'ಬುಲ್ಜೋಲ್' ಭಾನುವಾರದ ಬೆಳಗಿನ ತಿಂಡಿ. ನಮ್ಮ ಕರಾವಳಿಯವರು ಜೀಗುಜ್ಜೆ ಅನ್ನುವ ಕಾಯಿ ಶಾಂತಸಾಗರದ ದ್ವೀಪಗಳಿಂದ ಬಂತು. ಅದನ್ನು 1793ರಲ್ಲಿ ಕೆರಿಬಿಯನ್‌ಗೆ ಹಡಗಿನಲ್ಲಿ ತಂದವನು ಕ್ಯಾಪ್ಟನ್ ಬ್ಲೈ. ಅದೂ ಗುಲಾಮರ ಹೊಟ್ಟೆಗೆಂದೇ. ಗೋಧಿ, ಕಡಲೆಕಾಳು ಇವತ್ತಿಗೂ ಹೊರಗಿನಿಂದಲೇ ಬರುತ್ತವೆ.

ಬೆಂಡೆಕಾಯಿ ಆಫ್ರಿಕಾದವರ ಜೊತೆ ಬಂತು. ಕ್ರಿಸ್‌ಮಸ್‌ಗೆ ಬಾಳೆಎಲೆಯಲ್ಲಿ ಸುತ್ತಿ ಬೇಯಿಸುವ ಜೋಳದ ಹಿಟ್ಟಿನ 'ಪಾಸ್ಟೆಲ್' ವೆನೆಜುವೆಲಾ ಕಡೆಯದು. ಟ್ರಿನಿಡಾಡಿನ ತುದಿಯಿಂದ ಆ ದೇಶ ಬರೀ 11 ಕಿಲೋಮೀಟರ್ ಅಷ್ಟೇ. ಊರಿಗೆ ಸ್ಪೇನಿನ ಹೆಸರು, ಆಳಿದ್ದು 1797ರಿಂದ ಬ್ರಿಟಿಷರು, ನಡುವೆ ಬಂದು ತೋಟ ಮಾಡಿದವರು ಫ್ರೆಂಚರು.

ಆಮೇಲೆ ನಮ್ಮವರು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಸಿಗಲಿಲ್ಲ. ಬ್ರಿಟಿಷರು ಭಾರತದಿಂದ ಕರಾರಿನ ಮೇಲೆ ಕೂಲಿಗಳನ್ನು ಕರೆತಂದರು. 1845ರ ಮೇ 30ರಂದು 'ಫತೆಲ್ ರಜಾಕ್' ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಜನರನ್ನು ಇಳಿಸಿತು. ಆ ದಿನ ಈಗ ಅಲ್ಲಿ ಸರ್ಕಾರಿ ರಜೆ. 1917ರವರೆಗೆ ಹೀಗೆ ಬಂದವರು ಸುಮಾರು 1.4 ಲಕ್ಷ ಜನ. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯಿಂದ ಕಲ್ಕತ್ತಾ ಮೂಲಕ ಹಡಗು ಹತ್ತಿದವರು. ಮದ್ರಾಸಿನಿಂದ ಹೋದವರೂ ಒಂದಿಷ್ಟು ಇದ್ದರು. 2011ರ ಜನಗಣತಿಯಲ್ಲಿ ದೇಶದ ಶೇಕಡಾ 35ರಷ್ಟು ಜನ ಭಾರತ ಮೂಲದವರು, ಹೆಚ್ಚೂಕಮ್ಮಿ ಅಷ್ಟೇ ಜನ ಆಫ್ರಿಕಾ ಮೂಲದವರು.

ಹೀಗಿರುವಾಗ ಯಾವುದು ಅಸಲಿ? ಸಾಮಾನು ಎಲ್ಲಿಂದ ಬಂತು ಅಂತ ನೋಡಿದರೆ ಉತ್ತರ ಸಿಗುವುದಿಲ್ಲ. ಯಾರು, ಯಾವಾಗ, ಯಾರ ಜೊತೆ ತಿನ್ನುತ್ತಾರೆ ಅಂತ ನೋಡಿದರೆ ಸಿಗುತ್ತದೆ.

ಬೆಳಿಗ್ಗೆ ಆರು ಗಂಟೆಯ ಡಬ್ಬ

ಡಬಲ್ಸ್ ಬೆಳಗಿನ ತಿಂಡಿ. ಸೂರ್ಯ ಹುಟ್ಟುವ ಹೊತ್ತಿಗೇ ರಸ್ತೆ ಬದಿಯಲ್ಲಿ ಒಂದು ಕೊಡೆ, ಒಂದು ಪೆಟ್ಟಿಗೆ, ಅದರ ಹಿಂದೆ ಒಬ್ಬರೋ ಇಬ್ಬರೋ. ಬಿಸಿ ಆರದಂತೆ ಬಟ್ಟೆ ಮುಚ್ಚಿಟ್ಟ 'ಬಾರಾ'ಗಳು, ಅಂದರೆ ಆ ಮೆತ್ತನೆ ಪೂರಿಗಳು. ಆಫೀಸಿಗೆ ಹೋಗುವವರು, ಶಾಲೆ ಮಕ್ಕಳು, ಪೊಲೀಸರು, ರಾತ್ರಿ ಪಾಳಿ ಮುಗಿಸಿದವರು ಎಲ್ಲರೂ ನಿಂತುಕೊಂಡೇ ತಿನ್ನುತ್ತಾರೆ. ಒಂಬತ್ತು, ಹತ್ತು ಗಂಟೆಗೆ ಎಷ್ಟೋ ಕಡೆ ಖಾಲಿ. ಹಡಗಿನವರು ಒಳಗೇ ಆರಾಮಾಗಿ ತಿಂಡಿ ಮುಗಿಸಿ, ಇಳಿದು, ಫೋಟೊ ತೆಗೆದುಕೊಂಡು ಊರೊಳಗೆ ಬರುವಷ್ಟರಲ್ಲಿ ಪೆಟ್ಟಿಗೆ ಕಟ್ಟಿ ಆಗಿರುತ್ತದೆ. ಸಿಕ್ಕರೆ ಇನ್ನು ರಾತ್ರಿ. ಆಗ ಹಡಗು ಸಮುದ್ರದ ಮಧ್ಯೆ ಇರುತ್ತದೆ! ಅದಕ್ಕೇ ಹೇಳಿದ್ದು, ಅವತ್ತು ಒಂದು ದಿನ ಹಡಗಿನ ತಿಂಡಿ ಬಿಡಿ. ಬಾಗಿಲು ತೆರೆದ ಕೂಡಲೇ ಇಳಿಯಿರಿ.

ಹೆಸರಿನ ಕಥೆ ಚೆನ್ನಾಗಿದೆ. 1930ರ ದಶಕದಲ್ಲಿ ದಕ್ಷಿಣದ ಪ್ರಿನ್ಸಸ್ ಟೌನ್ ಎಂಬಲ್ಲಿ ಇಮಾಮುಲ್ ದೀನ್ ಅನ್ನುವವರು ಒಂದು ಬಾರಾದ ಮೇಲೆ ಕಡಲೆಕಾಳು ಹಾಕಿ ಮಾರುತ್ತಿದ್ದರಂತೆ. ಜನ ಅವರನ್ನು ಕರೆಯುತ್ತಿದ್ದದ್ದು ಮಾಮೂ ದೀನ್ ಅಂತ. ಗಿರಾಕಿಗಳು ಬಾರಾ ಎರಡು ಹಾಕಿ, ಡಬಲ್ ಮಾಡಿ ಅಂತ ಕೇಳತೊಡಗಿದರು. ಅಲ್ಲಿಂದ ಡಬಲ್ಸ್. ಒಂದೇ ಒಂದು ಬೇಕಿದ್ದರೂ 'ಒಂದು ಡಬಲ್ಸ್' ಅಂತಲೇ ಹೇಳಬೇಕು. ಬಾರಾ ಅಂದರೆ ಭೋಜಪುರಿಯಲ್ಲಿ ವಡೆ. ಹೆಸರು ವಡೆಯದು, ವಸ್ತು ಮಾತ್ರ ವಡೆ ಅಲ್ಲ. ಮೈದಾಕ್ಕೆ ಅರಿಸಿನ, ಯೀಸ್ಟ್ ಹಾಕಿ ಕಲಸಿ, ಅಂಗೈಯಲ್ಲಿ ತಟ್ಟಿ, ಎಣ್ಣೆಯಲ್ಲಿ ಒಂದು ಕ್ಷಣ ಬಿಟ್ಟು ತೆಗೆಯುತ್ತಾರೆ. ಗರಿಗರಿ ಆಗಬಾರದು.

ಮೇಲೆ ಮೆತ್ತಗೆ ಬೆಂದ ಕಡಲೆಕಾಳು. ಅದರ ಮೇಲೆ ಹುಣಸೆ ಚಟ್ನಿ, ಸೌತೆಕಾಯಿ, 'ಕುಚೆಲಾ' ಅನ್ನುವ ಮಾವಿನಕಾಯಿ ಉಪ್ಪಿನಕಾಯಿ. ಜೊತೆಗೆ 'ಶಾಡೊ ಬೆನಿ' ಎಂಬ ಸೊಪ್ಪಿನ ಚಟ್ನಿ. ಈ ಸೊಪ್ಪಿನ ಎಲೆ ಉದ್ದ, ಅಂಚು ಗರಗಸದ ಹಾಗೆ. ವಾಸನೆ ಕೊತ್ತಂಬರಿಯದೇ, ಆದರೆ ಇನ್ನೂ ಖಡಕ್. ಟ್ರಿನಿಡಾಡಿನ ಅಡುಗೆಗೆ ಆ ಊರಿನ ಮುದ್ರೆ ಒತ್ತುವುದು ಈ ಸೊಪ್ಪೇ.

ಇಷ್ಟಾದ ಮೇಲೆ ಪ್ರಶ್ನೆ ಬರುತ್ತದೆ: 'ಪೆಪ್ಪರ್?' ಇಲ್ಲಿ ಪೆಪ್ಪರ್ ಅಂದರೆ ಕಾಳುಮೆಣಸು ಅಲ್ಲ, ಮೆಣಸಿನಕಾಯಿ ಚಟ್ನಿ. ನಾವು ಖಾರ ತಿನ್ನುವವರು, ನಮಗೇನು ಅಂತ ಜಂಬ ಬೇಡ. ಬ್ಯಾಡಗಿ ತಿಂದು ಬೆಳೆದ ನಾಲಿಗೆಗೆ ಬಣ್ಣ ಗೊತ್ತು, ಈ ಖಾರ ಗೊತ್ತಿಲ್ಲ. ಮೊರೂಗಾ ಸ್ಕಾರ್ಪಿಯನ್ ಎಂಬ ಮೆಣಸಿನಕಾಯಿ ಇದೇ ದ್ವೀಪದ ಮೊರೂಗಾ ಊರಿನದು. 2012ರಲ್ಲಿ ನ್ಯೂ ಮೆಕ್ಸಿಕೊದ ವಿಜ್ಞಾನಿಗಳು ಅಳೆದಾಗ ಅದರ ಖಾರ ಸರಾಸರಿ 12 ಲಕ್ಷ ಸ್ಕೋವಿಲ್ (ಖಾರ ಅಳೆಯುವ ಮಾನ) ದಾಟಿತ್ತು. ಡಬಲ್ಸ್‌ಗೆ ಅಷ್ಟು ಘೋರವಾದದ್ದನ್ನು ಹಾಕುವುದಿಲ್ಲ, ಆದರೂ ಮೊದಲ ಸಲ 'ಸ್ಲೈಟ್' ಅನ್ನಿ. ಸ್ವಲ್ಪ ಅಂತ ಅರ್ಥ. ಸ್ಲೈಟ್, ಮೀಡಿಯಂ, ಹೆವಿ. ಈ ಮೂರು ಪದ ಬಂದರೆ ಆಯಿತು, ಮುಂದಿನ ಮಾತೇ ಬೇಡ.

ಕೈಗೆ ಬರುವುದು ಎಣ್ಣೆ ಕಾಗದದಲ್ಲಿ ಸುರುಳಿ ಸುತ್ತಿದ ಪೊಟ್ಟಣ. ಅಲ್ಲೇ ನಿಂತು ತಿನ್ನುವುದಾದರೆ ಕಾಗದ ಬಿಡಿಸಿ, ಬಾರಾದ ತುಂಡು ಹರಿದು, ಕಡಲೆಯನ್ನು ಬಾಚಿಕೊಂಡು ತಿನ್ನಬೇಕು. ಕೈಯಲ್ಲಿ ಊಟ ಮಾಡುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಯುರೋಪಿನವರು ಒದ್ದಾಡುತ್ತಾರೆ. ಇನ್ನೊಂದು ವಿಷಯ: ಎಷ್ಟೋ ಕಡೆ ಮೊದಲು ತಿನ್ನುವುದು, ಆಮೇಲೆ ಎಷ್ಟು ತಿಂದೆವು ಅಂತ ನಾವೇ ಹೇಳಿ ದುಡ್ಡು ಕೊಡುವುದು. ನಮ್ಮ ದರ್ಶಿನಿಗಳಲ್ಲಿ ಮೊದಲು ಟೋಕನ್, ಆಮೇಲೆ ದೋಸೆ, ಅಲ್ವಾ? ಇಲ್ಲಿ ಬಾಯಿ ಮಾತೇ ಬಿಲ್ಲು. ಎರಡು ಡಬಲ್ಸ್‌ಗೆ ಮೂರು ಅಮೆರಿಕನ್ ಡಾಲರ್ ಕೂಡ ಆಗುವುದಿಲ್ಲ. ಆದರೆ ಅಲ್ಲಿಯ ಡಾಲರ್ ಬೇರೆ. ಒಂದು ಅಮೆರಿಕನ್ ಡಾಲರ್‌ಗೆ ಆರರಿಂದ ಏಳರ ನಡುವೆ ಟ್ರಿನಿಡಾಡ್ ಡಾಲರ್ ಸಿಗುತ್ತವೆ. ಬೆಲೆ ಬರೀ ಅಮೆರಿಕನ್ ಡಾಲರಿನಲ್ಲಿ ಬರೆದಿದ್ದರೆ ಆ ಅಂಗಡಿ ಯಾರಿಗಾಗಿ ಅಂತ ಬೇರೆ ಹೇಳಬೇಕಾಗಿಲ್ಲ.

ಬೀದಿ ತಿಂಡಿ, ಹೊಟ್ಟೆ ಕೆಟ್ಟರೆ? ನ್ಯಾಯವಾದ ಭಯ. ಅಲ್ಲಿ ಆಹಾರ ಮಾರುವವರಿಗೆ ಆರೋಗ್ಯ ಇಲಾಖೆಯ 'ಫುಡ್ ಬ್ಯಾಡ್ಜ್' ಇರಬೇಕು. ಅದು ಕಾಣುತ್ತದೆಯೇ ನೋಡಿ. ಸಾಲು ಉದ್ದ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಪೆಟ್ಟಿಗೆಯಲ್ಲಿ ಏನೂ ಹೆಚ್ಚು ಹೊತ್ತು ಕೂತಿರುವುದಿಲ್ಲ.

ನಮ್ಮವರು ಮಾಡುವ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಡಬಲ್ಸ್ ತಿಂದು 'ಇದು ಛೋಲೆ ಭಟೂರೆ ಥರ ಇದೆ, ಆದರೆ ಅಷ್ಟು ಚೆನ್ನಾಗಿಲ್ಲ' ಅನ್ನುವುದು. ಛೋಲೆ ಭಟೂರೆ ಪಂಜಾಬಿನದು. ಇವರ ಪೂರ್ವಜರು ಅದನ್ನು ನೋಡಿಯೇ ಇರಲಿಲ್ಲ. ಡಬಲ್ಸ್ ಭಾರತದಲ್ಲಿ ಎಲ್ಲೂ ಇಲ್ಲ. ಟ್ರಿನಿಡಾಡಿನ ನೆಲದಲ್ಲೇ ಹುಟ್ಟಿದ ತಿನಿಸು ಅದು, ಅದರಲ್ಲೂ ಬಡವರ ಕೈಯಲ್ಲಿ ಹುಟ್ಟಿದ್ದು.

ಹರಿದ ಅಂಗಿ, ಖಾರದ ಹೋಳಿಗೆ

ಮಧ್ಯಾಹ್ನ ರೊಟ್ಟಿ ಅಂಗಡಿಯ ಹೊತ್ತು. ಮೂರು ಬಗೆ ಗೊತ್ತಿದ್ದರೆ ಸಾಕು. ಒಂದು 'ಸಾದಾ', ತವೆಯ ಮೇಲೆ ಉಬ್ಬಿಸಿ ಸುಟ್ಟ ದಪ್ಪ ರೊಟ್ಟಿ. ಇದು ಮುಖ್ಯವಾಗಿ ಬೆಳಗಿನದು. ಎರಡನೆಯದು 'ಬಸ್-ಅಪ್-ಶಟ್'. ತವೆಯ ಮೇಲೇ ಎರಡು ಮರದ ಸಟ್ಟುಗದಿಂದ ಹೊಡೆದು ಚಿಂದಿ ಮಾಡಿದ ಪರಾಟ. ಹರಿದ ಅಂಗಿಯ ಹಾಗೆ ಕಾಣುತ್ತದೆ ಅಂತ ಆ ಹೆಸರು. 'ಬರ್ಸ್ಟ್-ಅಪ್ ಶರ್ಟ್' ಅಲ್ಲಿಯವರ ನಾಲಿಗೆಯಲ್ಲಿ ಹೀಗಾಗಿದೆ.

ಮೂರನೆಯದು 'ದಾಲ್‌ಪುರಿ'. ಇದನ್ನು ಕನ್ನಡದವರಿಗೆ ವಿವರಿಸುವುದು ಸುಲಭ. ಕಣಕ, ಹೂರಣ, ಲಟ್ಟಣಿಗೆ. ಹೋಳಿಗೆ ಮಾಡಿದಂತೆಯೇ. ಆದರೆ ಹೂರಣ ಸಿಹಿ ಅಲ್ಲ. ಹಳದಿ ಬಟಾಣಿ ಬೇಳೆಯನ್ನು ಮುಕ್ಕಾಲು ಬೇಯಿಸಿ, ಪುಡಿಪುಡಿಯಾಗಿ ಬೀಸಿ, ಹುರಿದ ಜೀರಿಗೆ, ಬೆಳ್ಳುಳ್ಳಿ, ಮೆಣಸಿನಕಾಯಿ ಸೇರಿಸಿರುತ್ತಾರೆ. ಗಾತ್ರ ಮಾತ್ರ ನಮ್ಮ ಹೋಳಿಗೆಯ ಎರಡು ಮೂರರಷ್ಟು. ಅದರಲ್ಲಿ ಪಲ್ಯ ಇಟ್ಟು ದಿಂಬಿನ ಹಾಗೆ ಮಡಚಿ ಕೊಡುತ್ತಾರೆ. ಒಂದು ತಿಂದರೆ ರಾತ್ರಿ ಊಟ ಬೇಡ.

ಸಸ್ಯಾಹಾರಿಗಳಿಗೆ ಟ್ರಿನಿಡಾಡಿನಷ್ಟು ಸಲೀಸಾದ ಊರು ಕೆರಿಬಿಯನ್‌ನಲ್ಲಿ ಬೇರೆ ಇರಲಾರದು. ರೊಟ್ಟಿ ಅಂಗಡಿಯಲ್ಲಿ ಕಡಲೆ–ಆಲೂ, ಸಿಹಿಗುಂಬಳ, 'ಬೋಡಿ' ಅಂದರೆ ಅಲಸಂದೆ, 'ಭಾಜಿ' ಅಂದರೆ ಸೊಪ್ಪು ಎಲ್ಲಾ ಸಿಗುತ್ತವೆ. ಸಾದಾ ರೊಟ್ಟಿಗೆ 'ಚೋಕಾ' ಕೇಳಿ. ಬದನೆಕಾಯಿಯನ್ನೋ ಟೊಮೆಟೊವನ್ನೋ ಬೆಂಕಿಯಲ್ಲಿ ಸುಟ್ಟು, ಹಿಸುಕಿ, ಮೇಲೆ ಕಾದ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು ಸುರಿಯುವುದು. ಹೀಗೆ ಸುರಿಯುವುದಕ್ಕೆ ಅವರು 'ಚುಂಕೆ' ಅನ್ನುತ್ತಾರೆ. ನಮ್ಮ ಒಗ್ಗರಣೆ. ಸುಟ್ಟ ಬದನೆಕಾಯಿ ಗೊಜ್ಜು ತಿಂದವರಿಗೆ ಅದು ಪರಿಚಯದ ಮುಖವೇ.

ಅಲ್ಲಿಯ ಮಾಂಸದ ಸಾರನ್ನೂ ನಮ್ಮದರ ಜೊತೆ ತೂಗಬಾರದು. ಕರಿ ಪುಡಿಯನ್ನು ನೀರಿನಲ್ಲಿ ಕಲಸಿ, ಕಾದ ಎಣ್ಣೆಗೆ ಹಾಕಿ, ಅದು ಅಂಚು ಬಿಡುವ ತನಕ ಕೆದಕುತ್ತಾರೆ. ಮಾಂಸಕ್ಕೆ ಮೊದಲೇ ಶಾಡೊ ಬೆನಿ, ಥೈಮ್, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಅರೆದ ಹಸಿರು ಮಸಾಲೆ ಸವರಿರುತ್ತಾರೆ. ನಮ್ಮ ಹಾಗೆ ತೆಂಗಿನಕಾಯಿ ಅರೆದು ಹಾಕುವುದಿಲ್ಲ.

ಬ್ರೇಕ್‌ಫಾಸ್ಟ್ ಶೆಡ್

ಹಡಗುಕಟ್ಟೆಯ ಪಕ್ಕದ ಅಂಗಡಿ ಎಲ್ಲಾ ನಕಲಿ ಅಂತ ನಾನು ಹೇಳಿದ ಹಾಗಾಯಿತು. ಒಂದು ದೊಡ್ಡ ಅಪವಾದ ಇದೆ. ರೈಟ್ಸನ್ ರಸ್ತೆಯ ಮೇಲೆ, ಹಡಗಿನಿಂದ ಇಳಿದು ನಡೆದೇ ಹೋಗುವಷ್ಟು ಹತ್ತಿರದಲ್ಲಿ, ಸಮುದ್ರಕ್ಕೆ ಮುಖ ಮಾಡಿದ 'ಬ್ರೇಕ್‌ಫಾಸ್ಟ್ ಶೆಡ್'. ಬೋರ್ಡಿನ ಮೇಲೆ 'ಫಾಮ್ ದು ಶಾಲೆ' ಎಂಬ ಫ್ರೆಂಚ್ ಹೆಸರೂ ಇರುತ್ತದೆ. ಒಂದೇ ಸೂರಿನ ಕೆಳಗೆ ಸಾಲಾಗಿ ಅಡುಗೆ ಕಟ್ಟೆಗಳು, ನಡೆಸುವವರು ಹೆಚ್ಚಾಗಿ ಹೆಂಗಸರು. ಸುತ್ತಲಿನ ಸರ್ಕಾರಿ ಕಚೇರಿಗಳವರು ಮಧ್ಯಾಹ್ನ ಇಲ್ಲೇ.

ಈ ಹೆಸರಿನ ಹಿಂದೆ ಒಂದು ಹಳೆಯ ಒಳ್ಳೆಯ ಕೆಲಸ ಇದೆ. ಆಡ್ರಿ ಜೆಫರ್ಸ್ ಎಂಬ ಮಹಿಳೆ 1921ರಲ್ಲಿ ಹೆಂಗಸರ ಒಂದು ಸಮಾಜಸೇವಾ ಸಂಘ ಕಟ್ಟಿದರು. ಆ ಸಂಘ 1926ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಬಡ ಶಾಲಾ ಮಕ್ಕಳಿಗೆ ಊಟ ಹಾಕಲು 'ಬ್ರೇಕ್‌ಫಾಸ್ಟ್ ಶೆಡ್' ತೆರೆಯಿತು. ಬ್ರೇಕ್‌ಫಾಸ್ಟ್ ಅಂದರೂ ಬಡಿಸುತ್ತಿದ್ದದ್ದು ಮಧ್ಯಾಹ್ನದ ಊಟ. ಆಗಿನ ಮಾತಿನಲ್ಲಿ ಅದಕ್ಕೆ ಹಾಗೇ ಅನ್ನುತ್ತಿದ್ದರು. ನಮ್ಮ ಶಾಲೆಗಳ ಬಿಸಿಯೂಟದ ಥರ.

ಇಲ್ಲಿ ಸಿಗುವುದು ಅಲ್ಲಿಯವರು 'ಕ್ರಿಯೋಲ್' ಅನ್ನುವ ಅಡುಗೆ, ಅಂದರೆ ಆಫ್ರಿಕಾದ ಬೇರಿನದು. 'ಕಲಲೂ' ಖಂಡಿತ ಕೇಳಿ. ಅದು ಕೆಸುವಿನ ಎಲೆ! ಪತ್ರೊಡೆಗೆ ನಾವು ಸುತ್ತುವ ಅದೇ ಜಾತಿ. ಬೆಂಡೆಕಾಯಿ, ತೆಂಗಿನ ಹಾಲು ಹಾಕಿ ಚೆನ್ನಾಗಿ ಬೇಯಿಸಿ, ಒಂದು ಮರದ ಕಡಗೋಲನ್ನು ಅಂಗೈಗಳ ನಡುವೆ ತಿರುವಿ ಕಡೆದು ನುಣ್ಣಗೆ ಮಾಡುತ್ತಾರೆ. ಮಜ್ಜಿಗೆ ಕಡೆಯುವುದನ್ನು ನೋಡಿದವರಿಗೆ ಆ ಕೈಯ ಚಲನೆ ಕಂಡು ನಗು ಬರುತ್ತದೆ. ಆದರೆ ಸಸ್ಯಾಹಾರಿಗಳೇ, ಎಚ್ಚರ. ಇದರಲ್ಲಿ ಏಡಿ ಇರಬಹುದು, ಉಪ್ಪು ಹಾಕಿದ ಹಂದಿ ಬಾಲ ಇರಬಹುದು. ಹಸಿರಾಗಿದೆ ಅಂತ ನಂಬಿಬಿಡಬೇಡಿ, ಕೇಳಿ. ಕೆಸುವಿನ ಎಲೆಯೇ ಬೇಕು, ಮಾಂಸ ಬೇಡ ಅಂದರೆ ಡಬಲ್ಸ್ ಕಡೆಯವರ ಹತ್ತಿರ 'ಸಹೀನಾ' ಕೇಳಿ. ಎಲೆಗೆ ಬೇಳೆ ಹಿಟ್ಟು ಸವರಿ, ಸುತ್ತಿ, ಕರಿದದ್ದು.

'ಪಿಲಾವ್' ಅಂದರೆ ನಮ್ಮ ಪಲಾವ್ ಅಲ್ಲ. ಎಣ್ಣೆಯಲ್ಲಿ ಸಕ್ಕರೆಯನ್ನು ಕಂದು ಬಣ್ಣಕ್ಕೆ ತಿರುಗಿಸಿ, ಅದರಲ್ಲಿ ಕೋಳಿ ಹೊರಳಿಸಿ, ಅಕ್ಕಿ, ಹಸಿ ತೊಗರಿಕಾಳು ಹಾಕಿ ಬೇಯಿಸಿದ್ದು. ಇದು ಡಬ್ಬಿ ಊಟ. ಸಮುದ್ರ ದಂಡೆಗೆ, ಕ್ರಿಕೆಟ್ ನೋಡಲು ಹೋಗುವಾಗ ಕಟ್ಟಿಕೊಂಡು ಹೋಗುವುದು.

ಹೆಸರುಗಳು ಇನ್ನೂ ಸ್ವಲ್ಪ ತಲೆ ಕೆಡಿಸುತ್ತವೆ. 'ಫಿಗ್' ಅಂದರೆ ಅಂಜೂರ ಅಲ್ಲ, ಬಾಳೆ. 'ಗ್ರೀನ್ ಫಿಗ್' ಬಾಳೆಕಾಯಿ. 'ಬೇಕ್' ಅಂದಿದ್ದರೂ ಎಷ್ಟೋ ಸಲ ಅದು ಎಣ್ಣೆಯಲ್ಲಿ ಕರಿದ ರೊಟ್ಟಿ. 'ಆಲೂ ಪೈ' ಕೂಡ ಕರಿದದ್ದೇ. 'ಟೀ' ಅಂದರೆ ಯಾವ ಬಿಸಿ ಪಾನೀಯವಾದರೂ ಆಗಬಹುದು, ಕೋಕೋ ಆದರೂ ಅದು 'ಕೋಕೋ ಟೀ'. 'ಪ್ರಾವಿಷನ್' ಅಂದರೆ ದಿನಸಿ ಅಲ್ಲ. ಗೆಣಸು, ಮರಗೆಣಸು, ಕೆಸುವಿನ ಗೆಡ್ಡೆ ಇವುಗಳನ್ನು ಬೇಯಿಸಿದ್ದು. ಕುಡಿಯಲು ಕ್ರಿಸ್‌ಮಸ್ ಹೊತ್ತಿಗೆ 'ಸಾರೆಲ್' ಸಿಗುತ್ತದೆ. ಕೆಂಪಗೆ, ಹುಳಿಹುಳಿ. ಅದು ನಮ್ಮ ಪುಂಡಿ ಸೊಪ್ಪಿನ ಕುಲದ ಗಿಡದ ಹೂವಿನ ತೊಟ್ಟೆಲೆಯಿಂದ ಮಾಡಿದ್ದು. ಉತ್ತರ ಕರ್ನಾಟಕದವರು ಎಲೆ ತಿಂದರು, ಇವರು ಹೂವಿನ ಭಾಗ ಕುಡಿದರು.

ಸಾಲು ಇದ್ದ ಕಡೆ ನಿಲ್ಲಿ ಅನ್ನುವ ಮಾತು

'ಅಲ್ಲಿಯ ಜನ ಎಲ್ಲಿ ತಿನ್ನುತ್ತಾರೋ ಅಲ್ಲಿ ತಿನ್ನಿ' ಅಂತ ಎಲ್ಲರೂ ಉಪದೇಶ ಮಾಡುತ್ತಾರೆ. ಪೋರ್ಟ್ ಆಫ್ ಸ್ಪೇನ್‌ನಲ್ಲಿ ಈ ಮಾತನ್ನು ಕುರುಡಾಗಿ ನಂಬಿದರೆ ನೀವು ಹೋಗಿ ನಿಲ್ಲುವುದು ಕೆಎಫ್‌ಸಿಯಲ್ಲಿ! ಟ್ರಿನಿಡಾಡಿನವರಿಗೆ ಕರಿದ ಕೋಳಿ ಅಂದರೆ ಪ್ರಾಣ. ಇಂಡಿಪೆಂಡೆನ್ಸ್ ಸ್ಕ್ವೇರ್‌ನಲ್ಲಿ ಅದಕ್ಕೆ ಸದಾ ಜನ. ಅದೂ ಒಂದು ಸತ್ಯವೇ. ನಮ್ಮೂರಿಗೆ ಬಂದ ವಿದೇಶಿಯನಿಗೆ ಊರಿನವರು ಇಷ್ಟಪಡುವ ತಿಂಡಿ ತೋರಿಸಿ ಅಂದರೆ ಗೋಬಿ ಮಂಚೂರಿ ಗಾಡಿಯ ಮುಂದೆ ನಿಲ್ಲಿಸಬೇಕಾಗುತ್ತದಲ್ಲ, ಹಾಗೆ.

ಹಾಗಾಗಿ ಸಾಲು ನೋಡಿದರೆ ಸಾಲದು. ಈ ತಿನಿಸು ಬೇರೆ ಊರಲ್ಲೂ ಹೀಗೇ ಸಿಗುತ್ತದೆಯೇ ಅಂತಲೂ ಕೇಳಿಕೊಳ್ಳಬೇಕು. ಊರಿನವರನ್ನು ಕೇಳುವಾಗ 'ಒಳ್ಳೆ ಹೋಟೆಲ್ ಯಾವುದು' ಅನ್ನಬೇಡಿ. ಅತಿಥಿಯನ್ನು ಕರೆದೊಯ್ಯುವ ದುಬಾರಿ ಜಾಗವನ್ನೇ ತೋರಿಸುತ್ತಾರೆ. ಅದು ಅವರ ಮರ್ಯಾದೆ. 'ನೀವು ಇವತ್ತು ಬೆಳಿಗ್ಗೆ ಡಬಲ್ಸ್ ಎಲ್ಲಿ ತಿಂದಿರಿ' ಅಂತ ಕೇಳಿ. ಟ್ಯಾಕ್ಸಿಯವರಿಗೆ ಈ ಪ್ರಶ್ನೆ ಹಾಕಿದರೆ ಅರ್ಧ ಗಂಟೆ ಭಾಷಣ ಗ್ಯಾರಂಟಿ. ಪ್ರತಿಯೊಬ್ಬನಿಗೂ ತನ್ನ ಡಬಲ್ಸ್‌ನವನೇ ಶ್ರೇಷ್ಠ. ಟ್ಯಾಕ್ಸಿಯ ನಂಬರ್ ಪ್ಲೇಟ್ 'ಎಚ್' ಅಕ್ಷರದಿಂದ ಶುರುವಾಗುತ್ತದೆ, ಖಾಸಗಿ ಕಾರಿನದು 'ಪಿ'. ಹತ್ತುವ ಮುಂಚೆ ನೋಡಿಕೊಳ್ಳಿ.

ಕೈಯಲ್ಲಿ ಅರ್ಧ ದಿನ ಇದ್ದರೆ ಮರಾಕಾಸ್ ಕೊಲ್ಲಿಗೆ ಹೋಗಬಹುದು. ಬೆಟ್ಟ ಹತ್ತಿ ಇಳಿಯುವ ಆ ರಸ್ತೆಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕನ್ ಸೇನೆ ಮಾಡಿಸಿತು. ಚಾಗ್ವರಾಮಸ್ ಕಡೆಯ ಜಾಗವನ್ನು ನೌಕಾನೆಲೆಗೆ ತೆಗೆದುಕೊಂಡು ಜನರಿಗೆ ಆ ಕಡೆಯ ದಂಡೆಗಳು ತಪ್ಪಿಹೋಗಿದ್ದಕ್ಕೆ ಬದಲಿಯಾಗಿ. ಅಲ್ಲಿ 'ಬೇಕ್ ಆಂಡ್ ಶಾರ್ಕ್' ಫೇಮಸ್. ಕರಿದ ರೊಟ್ಟಿಯ ಹೊಟ್ಟೆ ಸೀಳಿ ಒಳಗೆ ಕರಿದ ಮೀನು. ಆಮೇಲೆ ಒಂದು ಉದ್ದ ಮೇಜಿನ ಮೇಲಿರುವ ಚಟ್ನಿ, ಅನಾನಸ್, ಎಲೆಕೋಸು, ಬೆಳ್ಳುಳ್ಳಿ ಸಾಸುಗಳನ್ನು ನಾವೇ ಹಾಕಿಕೊಳ್ಳಬೇಕು. ಶಾರ್ಕ್‌ಗಳ ಸಂಖ್ಯೆ ಕುಸಿಯುತ್ತಿದೆ ಅನ್ನುವ ಕಾಳಜಿ ಇರುವವರು ಕಿಂಗ್‌ಫಿಶ್ ಕೇಳಬಹುದು. ಕರಾವಳಿಯವರಿಗೆ ಅಂಜಲ್ ಅಂದರೆ ತಕ್ಷಣ ಗೊತ್ತಾಗುವ ಬಗೆಯ ಮೀನು.

ಭಾನುವಾರ ಮಾತ್ರ ಲೆಕ್ಕ ತಪ್ಪುತ್ತದೆ. ಪೇಟೆ ಬಿಕೋ ಅನ್ನುತ್ತದೆ. ಒಳ್ಳೆಯ ಊಟ ಅವತ್ತು ಮನೆಯೊಳಗೆ ಇರುತ್ತದೆ: ಕೋಳಿ, ಕಲಲೂ, ಕೆಂಪು ಬೀನ್ಸ್, ಒಲೆಯಲ್ಲಿ ಬೇಯಿಸಿದ ಮ್ಯಾಕರೋನಿ ಪೈ. ಬಾತುಕೋಳಿ ಸಾರು ಇನ್ನೂ ದೂರ. ಗೆಳೆಯರು ಪಾತ್ರೆ ಹೊತ್ತುಕೊಂಡು ಹೊಳೆ ದಂಡೆಗೆ ಹೋಗಿ, ಅಲ್ಲೇ ಕಲ್ಲು ಹೂಡಿ ಬೇಯಿಸಿಕೊಂಡು, ಕುಡಿದು, ಹರಟೆ ಹೊಡೆದು ಬರುತ್ತಾರೆ. ಅದನ್ನು 'ಲೈಮಿಂಗ್' ಅನ್ನುತ್ತಾರೆ. ಯಾರಾದರೂ ಕರೆದರೆ ಬೇರೆಲ್ಲಾ ಪ್ಲಾನ್ ಬಿಟ್ಟು ಹೋಗಿ. ಕರೆಯದೆ ಇದ್ದರೆ ದುಡ್ಡು ಕೊಟ್ಟರೂ ಸಿಗುವುದಲ್ಲ.

ಊರಿನಲ್ಲೇ ಉಳಿಯುವವರಿಗೆ ರಾತ್ರಿಯೂ ಇದೆ. ಕ್ವೀನ್ಸ್ ಪಾರ್ಕ್ ಸವಾನಾ ಎಂಬ 260 ಎಕರೆಯ ಬಯಲಿನ ಅಂಚಿನಲ್ಲಿ ಸಂಜೆ ಗಾಡಿಗಳು ಬರುತ್ತವೆ. ಎಳನೀರು, ಸುಟ್ಟ ಜೋಳ, ದೊಡ್ಡ ಹಂಡೆಯಲ್ಲಿ ಕುದಿಯುವ ಜೋಳದ ಸೂಪು. ಅದರಲ್ಲಿ ತೆನೆಯ ತುಂಡುಗಳು ಹಾಗೇ ಇರುತ್ತವೆ, ಜೊತೆಗೆ ಬೇಳೆ, ಹಿಟ್ಟಿನ ಉಂಡೆ. ಇನ್ನೂ ತಡವಾದರೆ ಸೇಂಟ್ ಜೇಮ್ಸ್‌ನ ವೆಸ್ಟರ್ನ್ ಮೇನ್ ರೋಡ್. ಅಲ್ಲಿಯ ಅಡ್ಡರಸ್ತೆಗಳ ಹೆಸರು ಕಲ್ಕತ್ತಾ, ಬಾಂಬೆ, ಮದ್ರಾಸ್, ಡೆಲ್ಲಿ. ರಾತ್ರಿ ಒಬ್ಬರೇ ತಿರುಗಬೇಡಿ. ಪೇಟೆಯ ನಡುಭಾಗ ಕತ್ತಲಾದ ಮೇಲೆ ಹೊಸಬರಿಗೆ ಒಳ್ಳೆಯದಲ್ಲ. ಗೊತ್ತಿರುವ ಟ್ಯಾಕ್ಸಿಯಲ್ಲಿ ಹೋಗಿ, ಅದರಲ್ಲೇ ಬನ್ನಿ.

ಮನೆಗೆ ಏನಾದರೂ ತರಬೇಕು ಅನಿಸಿದರೆ ಹಡಗುಕಟ್ಟೆಯ ಟೀ-ಶರ್ಟ್ ಬಿಟ್ಟು ಷಾರ್ಲೆಟ್ ಸ್ಟ್ರೀಟ್ ಕಡೆ ನಡೆಯಿರಿ. ತರಕಾರಿ, ಸೊಪ್ಪು, ಮಸಾಲೆಯವರು ಸಾಲಾಗಿ ಕೂತಿರುತ್ತಾರೆ. ಒಂದು ಬಾಟಲಿ ಕುಚೆಲಾ ತೆಗೆದುಕೊಳ್ಳಿ. ತುರಿದ ಮಾವಿನಕಾಯಿಯನ್ನು ಹಿಂಡಿ, ಒಣಗಿಸಿ, ಸಾಸಿವೆ ಎಣ್ಣೆ, ಮಸಾಲೆ, ಖಾರದಲ್ಲಿ ನೆನೆಸಿದ್ದು. ನೋಡಲು ನಮ್ಮ ಮಾವಿನಕಾಯಿ ತೊಕ್ಕೇ. ವಿಮಾನದಲ್ಲಿ ಬರುವವರು ಅದನ್ನು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ದೊಡ್ಡ ಬ್ಯಾಗಿನಲ್ಲಿ, ಎರಡು ಪ್ಲಾಸ್ಟಿಕ್ ಸುತ್ತಿ, ಹಳೆಯ ಅಂಗಿಯ ನಡುವೆ ಇಡಿ. ಎಣ್ಣೆ ಸೋರುತ್ತದೆ.